ಚೌಕಟ್ಟಿನೊಳಗ ಗೆದ್ದಲು, ಪಕ್ಕದಾಗ ಕುಡಿಯೋ ನೀರಿನ ಸಂಪ್

ನಿಮ್ಮ ಮನೆಯ ಬಾಗಿಲ ಚೌಕಟ್ಟನ್ನು ಬೆರಳ ಗೆಣ್ಣಿನಿಂದ ಒಮ್ಮೆ ಬಡಿದು ನೋಡಿ. ನೆಲಕ್ಕೆ ತಾಗುವ ಜಾಗದಿಂದ ಒಂದು ಮೊಳದ ಎತ್ತರದವರೆಗೆ ಬಡಿದರೆ ಸಾಕು. ಗಟ್ಟಿ ಕಟ್ಟಿಗೆಯ ಸಪ್ಪಳ ಬಂದರೆ ಚಿಂತೆ ಇಲ್ಲ. ಖಾಲಿ ಡಬ್ಬಿ ಬಡಿದಂತೆ ಕೇಳಿಸಿದರೆ ಈ ಲೇಖನ ನಿಮಗಾಗಿಯೇ.

ಹುಬ್ಬಳ್ಳಿ-ಧಾರವಾಡದಲ್ಲಿ ಇದಕ್ಕೊಂದು ಕಾಲವಿದೆ. ಏಪ್ರಿಲ್, ಮೇ ತಿಂಗಳಲ್ಲಿ ಅಡ್ಡಮಳೆ ಒಂದೆರಡು ಸಲ ಬಿದ್ದ ಮೇಲೆ ಸಂಜೆ ಟ್ಯೂಬ್‌ಲೈಟಿಗೆ ರೆಕ್ಕೆಹುಳ ಮುತ್ತುತ್ತವೆ, ಮುಂಜಾನೆ ಕಸಬರಿಗೆಗೆ ರಾಶಿ ರೆಕ್ಕೆ ಸಿಗುತ್ತವೆ. ಅವೇ ಹೊಸ ಗೂಡು ಹೂಡಲು ಹೊರಟ ಗೆದ್ದಲು. ಇರುವೆಗೂ ರೆಕ್ಕೆ ಬರುತ್ತದೆ, ಅದಕ್ಕೇ ಒಂದನ್ನು ಹಿಡಿದು ನೋಡಬೇಕು. ಇರುವೆಯ ನಡು ಸಣ್ಣ, ಮೀಸೆ ಮೊಣಕೈಯಂತೆ ಬಾಗಿರುತ್ತದೆ, ಮುಂದಿನ ರೆಕ್ಕೆ ದೊಡ್ಡವು, ಹಿಂದಿನವು ಚಿಕ್ಕವು. ಗೆದ್ದಲಿಗೆ ನಡುವೇ ಇಲ್ಲ, ಮೀಸೆ ನೆಟ್ಟಗೆ, ನಾಲ್ಕೂ ರೆಕ್ಕೆ ಒಂದೇ ಅಳತೆ. ಬಿಳಿ ಇರುವೆ ಅಂತ ಕರೆದರೂ ಗೆದ್ದಲು ಇರುವೆಯ ಸಂಬಂಧಿ ಅಲ್ಲ, ಜಿರಳೆಯ ಸಂಬಂಧಿ. ಹುಳ ಹೊರಗಿನಿಂದ ದೀಪಕ್ಕೆ ಬಂದಿದ್ದರೆ ಹೆದರಬೇಕಿಲ್ಲ. ಗೋಡೆಯ ಸಂದಿಯಿಂದ, ಚೌಕಟ್ಟಿನ ಬುಡದಿಂದ ಎದ್ದು ಬಂದಿದ್ದರೆ ಮಾತು ಬೇರೆ.

ಸಪ್ತಾಪುರದ ನಮ್ಮ ಮನೆಯಲ್ಲಿ ಅವು ಚೌಕಟ್ಟಿನ ಬುಡದಿಂದಲೇ ಎದ್ದವು. ಹಳೆಯ ಸಾಗವಾನಿ ಚೌಕಟ್ಟು, ವರ್ಷಕ್ಕೊಮ್ಮೆ ದೀಪಾವಳಿಗೆ ಬಣ್ಣ ಕಂಡಿದ್ದು. ಬಡಿಗೇರ ಕಾಕಾ ಉಳಿಯಿಂದ ಸ್ವಲ್ಪ ಒತ್ತಿದರು, ಉಳಿ ಹಿಡಿಕೆವರೆಗೂ ಒಳಗೆ ಹೋಯಿತು. "ಮ್ಯಾಲಿಂದು ಬರೇ ಬಣ್ಣ ಐತಿ ತಂಗಿ, ಒಳಗ ಏನೂ ಉಳದಿಲ್ಲ," ಅಂದರು. ಅಕ್ಕ ಬಾಣಂತನಕ್ಕೆ ಬಂದು ಹದಿನೈದು ದಿನ ಆಗಿತ್ತು, ಏಳು ತಿಂಗಳು ತುಂಬಿತ್ತು. ಚೌಕಟ್ಟಿನಿಂದ ಎರಡು ಫೂಟಿನಾಚೆ, ಅಂಗಳದ ಫರಸಿಯ ಕೆಳಗೆ, ನಾವು ಕುಡಿಯುವ ನೀರಿನ ಸಂಪ್.

ಈ ಸಂಪಿನ ವಿಷಯ ಊರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಸವದತ್ತಿಯ ರೇಣುಕಾಸಾಗರದಿಂದ ಮಲಪ್ರಭೆ ನೀರು ಬರುತ್ತದೆ, ಆದರೆ ಬಹಳಷ್ಟು ಓಣಿಗಳಲ್ಲಿ ದಿನಾ ಬರುವುದಿಲ್ಲ. ಬಂದ ದಿನ ತುಂಬಿಟ್ಟುಕೊಳ್ಳಲು ಮನೆಗೊಂದು ಸಂಪ್, ಅದೂ ಜಾಗ ಉಳಿಸಲು ಗೋಡೆಗೆ ಒತ್ತಿಕೊಂಡೇ. ಗೆದ್ದಲಿನ ಔಷಧ ಇಳಿಸಬೇಕಾದ ಜಾಗವೂ ಅದೇ, ಗೋಡೆಯ ಪಕ್ಕದ ಮಣ್ಣು. ಬೇರೆ ಊರಿನಲ್ಲಿ ಮಾಡಿದ ವಿಡಿಯೋ ನೋಡಿ ಇಲ್ಲಿ ಕೆಲಸ ಶುರು ಮಾಡುವವರಿಗೆ ಈ ಮಾತು ಹೊಳೆಯುವುದೇ ಇಲ್ಲ.

ಅಪ್ಪನ ಲೆಕ್ಕ ಸರಳ ಇತ್ತು. ನವಲಗುಂದದ ಕಡೆ ನಮ್ಮದು ಸ್ವಲ್ಪ ಹೊಲ ಐತಿ. "ಅಷ್ಟ್ಯಾಕ ರೊಕ್ಕ ಕೊಡ್ತೀ ಯವ್ವಾ? ಅಂಗಡ್ಯಾಗ ಎಣ್ಣಿ ಸಿಗತೈತಿ. ಒಂದ್ ಲೀಟರ್ ತಂದು ಬಕೀಟಿನ್ಯಾಗ ಕಲಿಸಿ ಸುರುವಿದ್ರಾತು." ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣಿ ಅಂತಲೇ ಹೆಸರು. ಅಪ್ಪ ಹೇಳಿದ್ದು ಕ್ಲೋರ್‌ಪೈರಿಫಾಸ್ 20 ಇಸಿ. ಅದು ಗೆದ್ದಲು ಕೊಲ್ಲುತ್ತದೆ, ಅದರಲ್ಲಿ ಅನುಮಾನ ಇಲ್ಲ. ದಶಕಗಟ್ಟಲೆ ಕಟ್ಟಡಗಳಿಗೆ ಬಳಸಿದ ಔಷಧ ಅದು. ಅದಕ್ಕೂ ಮುಂಚೆ ಆಲ್ಡ್ರಿನ್, ಕ್ಲೋರ್ಡೇನ್, ಹೆಪ್ಟಾಕ್ಲೋರ್ ಇದ್ದವು. ವರ್ಷಾನುಗಟ್ಟಲೆ ಮಣ್ಣಿನಲ್ಲಿ ಕರಗದೆ ಉಳಿಯುವುದೇ ಅವುಗಳ ಗುಣ, ಅದೇ ಅವುಗಳ ದೋಷವೂ ಆಯಿತು. 2001ರ ಸ್ಟಾಕ್‌ಹೋಮ್ ಒಪ್ಪಂದ ಮೊದಲು ಹೆಸರಿಸಿದ ಹನ್ನೆರಡು ವಿಷಗಳಲ್ಲಿ ಈ ಮೂರೂ ಇದ್ದವು. ಕ್ಲೋರ್‌ಪೈರಿಫಾಸ್ ನರಗಳ ಮೇಲೆ ಕೆಲಸ ಮಾಡುವ ವಿಷ. ಮಕ್ಕಳ ಮೇಲಿನ ಪರಿಣಾಮದ ಚಿಂತೆಯಿಂದ ಅಮೆರಿಕ 2000ದಲ್ಲೇ ಮನೆಯೊಳಗಿನ ಅದರ ಹೆಚ್ಚಿನ ಬಳಕೆಯನ್ನು ನಿಲ್ಲಿಸುವ ನಿರ್ಧಾರ ಮಾಡಿತು. 2025ರಲ್ಲಿ ಕೆಲವು ವಿನಾಯಿತಿ ಇಟ್ಟುಕೊಂಡು ಅದನ್ನೂ ಸ್ಟಾಕ್‌ಹೋಮ್ ಪಟ್ಟಿಗೆ ಸೇರಿಸಿದರು. ಬಸುರಿ ಹೆಣ್ಣುಮಗಳು ಇರುವ ಮನೆಗೆ, ಸಂಪಿನ ಪಕ್ಕಕ್ಕೆ, ಬಕೀಟಿನ ಲೆಕ್ಕದಲ್ಲಿ ಅದನ್ನು ಸುರಿಯುವುದು ನನಗೆ ಒಪ್ಪಿಗೆ ಇರಲಿಲ್ಲ. ಎರಡು ದಿನ ಅಪ್ಪ-ಮಗಳ ಮಾತು ಚಹಾ ಕುಡಿಯೋದಕ್ಕಷ್ಟೇ ಉಳಿಯಿತು.

ಔಷಧ ಏನು ಮಾಡುತ್ತದೆ ಅನ್ನೋದು ಗೊತ್ತಾದರೆ ಎಷ್ಟು ಬೇಕು, ಎಲ್ಲಿ ಬೇಕು ಅನ್ನೋದು ತಾನೇ ತಿಳಿಯುತ್ತದೆ. ನಮ್ಮ ಮನೆ ತಿನ್ನುವ ಗೆದ್ದಲು ಮರದೊಳಗೆ ವಾಸ ಮಾಡುವುದಿಲ್ಲ. ಗೂಡು ಮಣ್ಣಿನಲ್ಲಿ, ರಾಣಿ ಅಲ್ಲಿ. ಕೂಲಿ ಹುಳಗಳು ಊಟಕ್ಕಷ್ಟೇ ಮನೆಗೆ ಬರುತ್ತವೆ. ಮೈ ಮೆತ್ತಗೆ, ಬಿಸಿಲು ಗಾಳಿಗೆ ಒಣಗಿ ಸಾಯುತ್ತವೆ, ಅದಕ್ಕೇ ಗೋಡೆಯ ಮೇಲೆ ಆ ಮಣ್ಣಿನ ಕೊಳವೆ. ಗೋಡೆಯ ಕೊಳವೆ ಕೆರೆದು ಸ್ಪ್ರೇ ಹೊಡೆದರೆ ಅಲ್ಲಿದ್ದಷ್ಟು ಸಾಯುತ್ತವೆ, ಎಂಟು ದಿನಕ್ಕೆ ಪಕ್ಕದಲ್ಲಿ ಇನ್ನೊಂದು ಕೊಳವೆ ಏಳುತ್ತದೆ. ದ್ರವ ಔಷಧದ ಕೆಲಸ ಬೇರೆ. ಮನೆಯ ಸುತ್ತ ಮಣ್ಣಿನೊಳಗೆ ಎಲ್ಲೂ ಬಿಟ್ಟುಹೋಗದ ಒಂದು ಬೇಲಿ ಹಾಕುವುದು.

ಇದಕ್ಕೆ ಭಾರತೀಯ ಮಾನಕವೇ ಇದೆ, ಐಎಸ್ 6313. ಅದರ ಮೂರನೇ ಭಾಗ ಕಟ್ಟಿ ಮುಗಿದ ಮನೆಗಳದ್ದು. ಮನೆಯ ಸುತ್ತ ಕಾಂಕ್ರೀಟ್ ಅಥವಾ ಕಲ್ಲು ಹಾಸಿದ್ದರೆ ಗೋಡೆಗೆ ಆದಷ್ಟು ಹತ್ತಿರ 30 ಸೆಂಟಿಮೀಟರಿಗೊಂದು, 12 ಮಿಲಿಮೀಟರ್ ಅಗಲದ ತೂತು ಕೊರೆದು, ಒಂದು ಮೀಟರ್ ಉದ್ದಕ್ಕೆ 2.25 ಲೀಟರ್ ಕಲಸಿದ ಔಷಧ ಇಳಿಸಬೇಕು. ಒಳಗೆ ನೆಲ-ಗೋಡೆ ಕೂಡುವಲ್ಲೂ ಅಷ್ಟೇ ಅಂತರ, ತೂತಿಗೆ ಹೆಚ್ಚೆಂದರೆ ಒಂದು ಲೀಟರ್.

ಈಗ ಫೋನಿನ ಕ್ಯಾಲ್ಕುಲೇಟರ್ ತೆಗೆಯಿರಿ. ನಮ್ಮ ಮನೆಯ ಹೊರಸುತ್ತು 33 ಮೀಟರ್. ಅಂದರೆ ಹೊರಗೇ 110 ತೂತು, ಸುಮಾರು 75 ಲೀಟರ್ ಔಷಧದ ನೀರು. ನಾನು ಮೂರು ಕಡೆ ವಿಚಾರಿಸಿದೆ. ಎಲ್ಲಕ್ಕಿಂತ ಕಡಿಮೆ ದರ ಹೇಳಿದವರು "ಅರ್ಧ ತಾಸಿನ್ಯಾಗ ಮುಗಿಸ್ತೀವ್ರಿ, ಗ್ಯಾರಂಟಿ ಕಾರ್ಡ್ ಕೊಡ್ತೀವಿ" ಅಂದರು. ಬೆನ್ನಿಗೆ ಹಾಕಿಕೊಳ್ಳುವ ಒಂದು ಪಂಪು, ಡ್ರಿಲ್ ಮಶೀನ್ ಇಲ್ಲ. 110 ತೂತು ಅರ್ಧ ತಾಸಿನಲ್ಲಿ ಹೆಂಗ ಕೊರೀತೀರಿ ಅಂತ ಕೇಳಿದ ಮೇಲೆ ಆ ಕಡೆಯಿಂದ ಫೋನ್ ಬರಲಿಲ್ಲ. ಕೀಟನಾಶಕ ಹೊಡೆಯುವ ವ್ಯವಹಾರಕ್ಕೆ ಲೈಸೆನ್ಸ್ ಬೇಕು, ಅದನ್ನು ತೋರಿಸಿ ಅಂತ ಕೇಳಲು ಸಂಕೋಚ ಪಡಬೇಡಿ. ತೋರಿಸಿದವರಿಗೇ ನಾವು ಕೆಲಸ ಕೊಟ್ಟೆವು.

ಅವರು ತಂದಿದ್ದು ಇಮಿಡಾಕ್ಲೋಪ್ರಿಡ್ 30.5 ಎಸ್‌ಸಿ. ಲೀಟರ್ ನೀರಿಗೆ 2.1 ಮಿಲಿ. 75 ಲೀಟರಿಗೆ 160 ಮಿಲಿ ಕೂಡ ಆಗುವುದಿಲ್ಲ. ಅದೇ ಕ್ಲೋರ್‌ಪೈರಿಫಾಸ್ 20 ಇಸಿ ಆಗಿದ್ದರೆ ಒಂದು ಪಾಲಿಗೆ ಹತ್ತೊಂಬತ್ತು ಪಾಲು ನೀರು, ಅಂದರೆ ಮೂರೂಮುಕ್ಕಾಲು ಲೀಟರ್ ಎಣ್ಣಿ ನಮ್ಮ ಮಣ್ಣಿಗೆ. ಅಪ್ಪ ಈ ಲೆಕ್ಕ ಕೇಳಿ ಸುಮ್ಮನಾದರು. ಅವರು ಹೊಲಕ್ಕೆ ಲೀಟರ್ ಲೆಕ್ಕದಲ್ಲೇ ಎಣ್ಣಿ ಹೊಡೆದವರು, ಅದರ ತೂಕ ಅವರಿಗೆ ಗೊತ್ತು.

ಇಮಿಡಾಕ್ಲೋಪ್ರಿಡ್‌ಗೆ ಘಾಟು ವಾಸನೆ ಇಲ್ಲ, ಗೆದ್ದಲಿಗೂ ಅದರ ಸುಳಿವು ಸಿಗುವುದಿಲ್ಲ. ಹಾಯ್ದು ಹೋಗಿ, ಮೈಗೆ ಹಚ್ಚಿಕೊಂಡು, ಒಂದನ್ನೊಂದು ನೆಕ್ಕುವಾಗ ಹಂಚಿ, ನಿಧಾನಕ್ಕೆ ಸಾಯುತ್ತವೆ. ಬೈಫೆಂತ್ರಿನ್‌ನಂಥ ಇನ್ನೊಂದು ಜಾತಿಯ ಔಷಧ ಗೆದ್ದಲನ್ನು ದೂರ ಅಟ್ಟುತ್ತದೆ. ಅಲ್ಲಿ ಬೇಲಿಯಲ್ಲಿ ಒಂದು ಗೇಣು ಸಂದಿ ಉಳಿದರೂ ಅವು ಅದನ್ನೇ ಹುಡುಕಿ ಬರುತ್ತವೆ. ವಾಸನೆ ಇಲ್ಲ ಅಂದರೆ ವಿಷ ಇಲ್ಲ ಅಂತಲ್ಲ ಮತ್ತೆ. ಇಮಿಡಾಕ್ಲೋಪ್ರಿಡ್ ಜೇನಿಗೆ ಕುತ್ತು, ನೀರಿನ ಹುಳುಗಳಿಗೂ ಕುತ್ತು. ಬೈಫೆಂತ್ರಿನ್ ಮೀನಿಗೆ ಬಹಳ ಕೆಟ್ಟದ್ದು. ಪಂಪು ತೊಳೆದ ನೀರನ್ನು ಗಟಾರಕ್ಕೆ ಚೆಲ್ಲುವವರಿದ್ದಾರೆ. ಗಟಾರ ಎಲ್ಲಿ ಹೋಗಿ ಸೇರುತ್ತದೆ ಅನ್ನೋದನ್ನು ಉಣಕಲ್, ಕೆಲಗೇರಿ ಕೆರೆ ದಂಡೆಯಲ್ಲಿ ವಾಕಿಂಗ್ ಮಾಡುವವರು ಒಮ್ಮೆ ಯೋಚಿಸಬೇಕು.

ಸಂಪಿನ ಪ್ರಶ್ನೆ ಹಾಗೇ ಇತ್ತು. ಕುಡಿಯುವ ನೀರಿನ ಬಾವಿ, ಸೆಲೆಗಳಿಗೆ ಔಷಧ ಸೇರದಂತೆ ಎಚ್ಚರ ವಹಿಸಬೇಕು ಅಂತ ಆ ಮಾನಕವೇ ಹೇಳುತ್ತದೆ. ನಮ್ಮದು ಇಟ್ಟಂಗಿ ಗೋಡೆಯ ಹಳೆಯ ಸಂಪ್, ಒಳಗೆ ಸಿಮೆಂಟ್ ಗಿಲಾವು. ರಾತ್ರಿ ಮೋಟರ್ ಹಚ್ಚದಿದ್ದರೂ ಮುಂಜಾನೆಗೆ ನೀರು ಎರಡು ಬೆರಳು ಇಳಿದಿರುತ್ತದೆ ಅಂತ ಅವ್ವನಿಗೆ ಗೊತ್ತಿತ್ತು. "ಒಳಗಿನ ನೀರು ಹೊರಗ ಹೋಗತೈತಿ ಅಂದ್ರ ಹೊರಗಿಂದು ಒಳಗ ಬರಾಕ ಎಷ್ಟೊತ್ತು?" ಅಂದಳು. ಇಂಜಿನಿಯರಿಂಗ್ ಓದಿದ ನಮಗಿಂತ ಮೊದಲು ಅವಳೇ ಅದನ್ನು ಹಿಡಿದಿದ್ದಳು.

ಸಂಪಿನ ಎರಡೂ ಪಕ್ಕ ಆರಾರು ಫೂಟು ಒಂದೂ ತೂತು ಕೊರೆಯಬಾರದು ಅಂತ ನಿರ್ಧಾರವಾಯಿತು. ಗೆದ್ದಲು ಹತ್ತಿದ ಚೌಕಟ್ಟು ಇದ್ದಿದ್ದೇ ಆ ಜಾಗದಲ್ಲಿ. ಹಾಗಾಗಿ ಅಲ್ಲಿ ಔಷಧದ ಬದಲು ಗೌಂಡಿ, ಬಡಿಗೇರರ ಕೆಲಸ. ಚೌಕಟ್ಟಿನ ಎರಡೂ ಕಾಲನ್ನು ಒಂದೂವರೆ ಫೂಟು ಕೊಯ್ದು, ಕೆಳಗೆ ಕಲ್ಲಿನ ತುಂಡು ಕೂರಿಸಿ, ಅದರ ಮೇಲೆ ಹೊಸ ಸಾಗವಾನಿ ಜೋಡಿಸಿದರು. ಕಟ್ಟಿಗೆ ಈಗ ನೆಲಕ್ಕೆ ತಾಗುವುದೇ ಇಲ್ಲ. ಗೆದ್ದಲು ಬಂದರೂ ಕಲ್ಲಿನ ಮೇಲೆ ಕೊಳವೆ ಕಟ್ಟಿಕೊಂಡೇ ಬರಬೇಕು, ಬಂದರೆ ಕಣ್ಣಿಗೆ ಬೀಳುತ್ತದೆ. ಉಳಿದ ಹಳೆಯ ಕಟ್ಟಿಗೆಗೆ ಸಣ್ಣ ತೂತು ಮಾಡಿ ಸಿರಿಂಜಿನಿಂದ ಅಷ್ಟಷ್ಟೇ ಔಷಧ ಕೊಟ್ಟರು. ಇದು ಪೂರ್ತಿ ಬೇಲಿ ಅಲ್ಲ, ಬೇಲಿಯಲ್ಲಿ ಗೊತ್ತಿದ್ದೂ ಬಿಟ್ಟ ಒಂದು ದಾರಿ. ಪ್ರತಿ ಭಾನುವಾರ ಅಲ್ಲಿ ಟಾರ್ಚ್ ಹಿಡಿದು ನೋಡುವುದು ನನ್ನ ಪಾಲಿಗೆ ಬಂದಿದೆ.

ಕೆಲಸದ ದಿನ ಅಕ್ಕನನ್ನು ಗದಗಿಗೆ ಚಿಗವ್ವನ ಮನೆಗೆ ಕಳಿಸಿದೆವು, ಮೂರು ದಿನ ಅಲ್ಲೇ ಇದ್ದಳು. ಡಬ್ಬಿಯ ಸೀಲ್ ನಮ್ಮೆದುರೇ ಒಡೆಸಿದೆ, ಲೇಬಲ್ ಫೋಟೋ ತೆಗೆದಿಟ್ಟುಕೊಂಡೆ. ಏನಾದರೂ ಹೆಚ್ಚುಕಡಿಮೆ ಆದರೆ ಡಾಕ್ಟರು ಮೊದಲು ಕೇಳುವುದು ಯಾವ ಔಷಧ ಅಂತ. ಕೊರೆಯಲು ಬಂದ ಹುಡುಗ ಬರಿಗೈಯಲ್ಲಿ, ಚಪ್ಪಲಿಯಲ್ಲಿ ಬಂದಿದ್ದ. ಕೈಗವಸು ಎಲ್ಲಪಾ ಅಂದರೆ "ರೂಢಿ ಐತ್ರಿ ಮೇಡಂ" ಅಂದ. ಅಪ್ಪ ಒಳಗೆ ಹೋಗಿ ತಮ್ಮ ಹೊಲದ ಗಂಬೂಟು, ರಬ್ಬರ್ ಕೈಗವಸು ತಂದು ಅವನ ಮುಂದಿಟ್ಟರು, "ಹಾಕ್ಕೋ, ಇಲ್ಲಂದ್ರ ಕೆಲಸ ಬಂದ್" ಅಂದರು. ಆ ದಿನ ನನಗೆ ಎಲ್ಲಕ್ಕಿಂತ ಸಮಾಧಾನ ಕೊಟ್ಟ ಮಾತು ಅದು. ಉಳಿದ ಔಷಧವನ್ನು ನೀರಿನ ಬಾಟಲಿಗೆ ಹಾಕಿ ಇಟ್ಟುಕೊಳ್ಳಿ ಅಂತ ಯಾರಾದರೂ ಕೊಟ್ಟರೆ ದಯವಿಟ್ಟು ಬೇಡ ಅನ್ನಿ. ಮನೆಯಲ್ಲಿ ಮಕ್ಕಳಿಗೆ ಬಾಟಲಿಯಷ್ಟೇ ಕಾಣುತ್ತದೆ.

ಇನ್ನೊಂದು ಮಾತು ಮಣ್ಣಿನದು. ಧಾರವಾಡದ ಪಡುವಣಕ್ಕೆ ಕೆಂಪು ಮಣ್ಣು, ಹುಬ್ಬಳ್ಳಿ ದಾಟಿ ಮೂಡಣಕ್ಕೆ ಹೋದರೆ ಎರೆಮಣ್ಣು. ನಡುವೆ ಚಿಗರಿ ಬಸ್ಸಿನ ಇಪ್ಪತ್ತು ಕಿಲೋಮೀಟರ್ ಅಷ್ಟೇ. ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಗೋಡೆಯಿಂದ ಬೆರಳಗಲ ದೂರ ಸರಿಯುತ್ತದೆ. ಆಗ ಔಷಧ ಹಾಕಿದರೆ ಬಿರುಕಿನೊಳಗೆ ಸೀದಾ ಇಳಿದುಹೋಗುತ್ತದೆ. ಮೊದಲು ಬಿರುಕು ಮುಚ್ಚಿ, ಮಣ್ಣು ಹದವಾಗಿ ಹಸಿಯಾದ ಮೇಲೆ ಹಾಕಿಸಿ. ಜಿಟಿಜಿಟಿ ಮಳೆ ಹಿಡಿದಾಗಲೂ ಬೇಡ, ನೀರು ತುಂಬಿದ ಮಣ್ಣು ಔಷಧ ಕುಡಿಯುವುದಿಲ್ಲ, ಹರಿದು ಎಲ್ಲೋ ಸೇರುತ್ತದೆ.

ಹಿತ್ತಲಿನಾಚೆಯ ಖಾಲಿ ಸೈಟಿನಲ್ಲಿ ಒಂದು ಹುತ್ತ ಇದೆ. ಅದಕ್ಕೂ ಹಾಕೋಣವೇ ಅಂತ ಹುಡುಗ ಕೇಳಿದ. ಪಂಚಮಿಗೆ ಅವ್ವ ಹಾಲೆರೆಯುವುದು ಅದಕ್ಕೇ. ಅವಳ ಮುಖ ನೋಡಿಯೇ ಅವನು ಡ್ರಿಲ್ ಕೆಳಗಿಟ್ಟ. ನನಗೂ ಅದು ಸರಿ ಅನ್ನಿಸಿತು. ಒಣ ಎಲೆ, ಕಡ್ಡಿ ಕರಗಿಸಿ ಮಣ್ಣು ಮಾಡುವುದು ಅವುಗಳ ಕೆಲಸ. ನಮಗೆ ಬೇಕಾಗಿದ್ದು ಮನೆಯ ಬೇಲಿ. ಅದರ ಬದಲು ಗೋಡೆಗೆ ಒಟ್ಟಿದ್ದ ಕಟ್ಟಿಗೆ ತೆಗೆಸಿದೆವು. ಅಟ್ಟದ ಮೇಲೆ ನಾನು ಕೂಡಿಟ್ಟಿದ್ದ ಆನ್‌ಲೈನ್ ಶಾಪಿಂಗ್‌ನ ರಟ್ಟಿನ ಡಬ್ಬಿಗಳೂ ಹೋದವು. ಗೆದ್ದಲಿಗೆ ರಟ್ಟು ಅಂದರೆ ಹೋಳಿಗೆ ಊಟ.

ಇರುವೆಗೆ ಇಷ್ಟೆಲ್ಲ ಬೇಕಿಲ್ಲ. ಅಡುಗೆಮನೆಗೆ ಸಾಲು ಹಿಡಿದು ಬರುವ ಸಣ್ಣ ಇರುವೆಗೆ ಸ್ಪ್ರೇ ಹೊಡೆದರೆ ಸಾಲಿನಲ್ಲಿದ್ದವು ಸಾಯುತ್ತವೆ, ಗೂಡು ಹಾಗೇ ಇರುತ್ತದೆ. ಕೆಲವು ಜಾತಿಯವು ಒಂದು ಗೂಡು ಇದ್ದಲ್ಲಿ ಮೂರು ಮಾಡಿಕೊಳ್ಳುತ್ತವೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಬೋರಿಕ್ ಪೌಡರ್ ಅರ್ಧ ಟೀ ಚಮಚ, ಸಕ್ಕರೆ ಎಂಟು ಚಮಚ, ಒಂದು ಕಪ್ ಬಿಸಿನೀರು. ಹತ್ತಿ ಅದ್ದಿ, ಮುಚ್ಚಳಕ್ಕೆ ತೂತಿರುವ ಡಬ್ಬಿಯಲ್ಲಿಟ್ಟು ಸಾಲಿನ ಪಕ್ಕ ಇಡಿ. ಪೌಡರ್ ಜಾಸ್ತಿ ಹಾಕಿದರೆ ದಾರಿಯಲ್ಲೇ ಸಾಯುತ್ತವೆ, ಗೂಡಿಗೆ ಒಯ್ಯುವುದಿಲ್ಲ. ಮೊದಲ ದಿನ ಇರುವೆ ಕಡಿಮೆಯಾಗುವ ಬದಲು ಜಾತ್ರೆ ನೆರೆಯುತ್ತದೆ, ಆಗ ಸಿಟ್ಟಿಗೆದ್ದು ಸ್ಪ್ರೇ ತೆಗೆಯಬೇಡಿ. ಬೋರಿಕ್ ಪೌಡರೂ ಹೊಟ್ಟೆಗೆ ಹೋದರೆ ವಿಷವೇ. ಅಕ್ಕನ ಮಗಳು ಈಗ ಅಂಬೆಗಾಲಿಡುತ್ತಾಳೆ, ಹಾಗಾಗಿ ನಮ್ಮ ಮನೆಯ ಡಬ್ಬಿ ನೆಲದಿಂದ ಎದ್ದು ಕಿಟಕಿಯ ಮೇಲಿನ ಪಡಿಗೆ ಹೋಗಿದೆ. ಇರುವೆಗಳು ಅಲ್ಲಿಗೂ ಸಾಲು ಹಿಡಿದು ಹೋಗುತ್ತಿವೆ.