ನಲವತ್ತರ ನಂತರ ಗರ್ಭ: ವಯಸ್ಸು ಅಂಡದ್ದು

ಪ್ರಶ್ನೆ: ನನಗೆ 41. ಮುಟ್ಟು ಸರಿಯಾಗಿದೆ. ಆದರೂ ಗರ್ಭ ನಿಲ್ಲುವುದು ಕಷ್ಟ ಎನ್ನುತ್ತಾರೆ, ಏಕೆ?

ಉತ್ತರ: ಮುಟ್ಟು ಸರಿಯಾಗಿದ್ದರೆ ಅಂಡ ಬಿಡುಗಡೆಯಾಗುತ್ತಿದೆ ಎಂದು ಸಾಮಾನ್ಯವಾಗಿ ಹೇಳಬಹುದು; ಆ ಅಂಡ ಚೆನ್ನಾಗಿದೆ ಎಂದಲ್ಲ. ಹೆಣ್ಣುಮಗು ತನ್ನ ಅಂಡಗಳನ್ನೆಲ್ಲ ಹುಟ್ಟುವಾಗಲೇ ಹೊತ್ತು ತಂದಿರುತ್ತದೆ. ಅವುಗಳೊಳಗೆ ವರ್ಣತಂತುಗಳನ್ನು ಜೋಡಿಯಾಗಿ ಹಿಡಿದಿಟ್ಟ ಪ್ರೋಟೀನುಗಳು ನಾಲ್ಕು ದಶಕಗಳಲ್ಲಿ ಸಡಿಲವಾಗಿ, ಅಂಡ ಪಕ್ವವಾಗುವಾಗ ಹಂಚಿಕೆ ತಪ್ಪುತ್ತದೆ. ಒಂದು ವರ್ಣತಂತು ಹೆಚ್ಚೋ ಕಡಿಮೆಯೋ ಆದ ಭ್ರೂಣ ಬಹುಪಾಲು ಗರ್ಭಕೋಶಕ್ಕೆ ಅಂಟಿಕೊಳ್ಳುವುದೇ ಇಲ್ಲ, ಅಂಟಿದರೂ ಮೊದಲ ಮೂರು ತಿಂಗಳಲ್ಲೇ ಹೋಗಿಬಿಡುತ್ತದೆ. ಬಿಂದಿಗೆ ಎತ್ತಿದ್ದಕ್ಕೆ, ಪಪ್ಪಾಯಿ ತಿಂದಿದ್ದಕ್ಕೆ ಹೀಗಾಯಿತೆಂದು ಹೆಣ್ಣನ್ನು ದೂರುವುದು ಅನ್ಯಾಯ.

ದೋಷ ಗರ್ಭಕೋಶದ್ದೇ ಇರಬಾರದೇಕೆ ಎಂದು ಕೇಳಬಹುದು. ಕೆಲವರಲ್ಲಿ ಗಡ್ಡೆ ಮುಂತಾದ ತೊಂದರೆ ಇರುವುದುಂಟು. ಆದರೆ ನಲವತ್ತು ದಾಟಿದವರು ಕಿರಿಯ ದಾನಿಯ ಅಂಡ ಪಡೆದಾಗ ಯಶಸ್ಸು ಹೆಚ್ಚಾಗಿ ದಾನಿಯ ವಯಸ್ಸನ್ನೇ ಅನುಸರಿಸುತ್ತದೆ. ನಮ್ಮ 2021ರ ಸಂತಾನ ನೆರವು ತಂತ್ರಜ್ಞಾನ ಕಾಯ್ದೆಯೂ ಅಂಡದಾನಿಯ ವಯಸ್ಸನ್ನು 23ರಿಂದ 35ಕ್ಕೆ ಮಿತಿಗೊಳಿಸಿದೆ. ಅಜ್ಜಿಯಂದಿರು 42ರಲ್ಲೂ ಹೆತ್ತರಲ್ಲ ಎಂಬ ಮಾತೂ ನಿಜವೇ. ಆದರೆ ಅಂಥ ಎಷ್ಟೋ ಹೆರಿಗೆಗಳು ಹಲವು ಮಕ್ಕಳ ತಾಯಿಯ ಕೊನೆಯ ಬಸಿರಿನವು, ಮತ್ತು ಹೆರದವರ ಲೆಕ್ಕವನ್ನು ಮನೆಯಲ್ಲಿ ಯಾರೂ ಇಡಲಿಲ್ಲ.

ಅವಕಾಶ ಕಡಿಮೆ ಎಂದರೆ ಇಲ್ಲವೆಂದಲ್ಲ. ಆದರೆ ವರ್ಷವಿಡೀ ಕಾದು ನೋಡಬೇಡಿ. ಈಗಲೇ ಸ್ತ್ರೀರೋಗ ತಜ್ಞರನ್ನು ಕಂಡು, ಫೋಲಿಕ್ ಆಸಿಡ್ ಆರಂಭಿಸಿ, ಬಿ.ಪಿ., ಸಕ್ಕರೆ, ಥೈರಾಯ್ಡ್ ನೋಡಿಸಿಕೊಳ್ಳಿ; ಪತಿಯ ವೀರ್ಯ ಪರೀಕ್ಷೆಯೂ ಜೊತೆಗೇ ಆಗಲಿ.