ಬಿದಿರು ಸತ್ತಾಗ ಹಕ್ಕಿ ಎಲ್ಲಿಗೆ ಹೋಗಬೇಕು?

ತೊಟ್ಟಿಲಿನಿಂದ ಚಟ್ಟದವರೆಗೆ ಮನುಷ್ಯನಿಗೆ ಒದಗುವ ಬಿದಿರಿನ ಬಗ್ಗೆ ಕನ್ನಡಿಗರಿಗೆ ಹೆಚ್ಚು ಹೇಳಬೇಕಾಗಿಲ್ಲ. ಮೊರ, ಬುಟ್ಟಿ, ಏಣಿ, ಕೊಳಲು, ಕಳಲೆ ಪಲ್ಯ ಎಲ್ಲವೂ ಅದರದೇ ಕೊಡುಗೆ. ಆದರೆ ಹುಲ್ಲಿನ ಕುಟುಂಬಕ್ಕೆ ಸೇರಿದ ಈ ಗಿಡವನ್ನು ಮನುಷ್ಯನಿಗಿಂತ ಬಹಳ ಹಿಂದೆಯೇ ನೆಚ್ಚಿಕೊಂಡವು ಹಕ್ಕಿಗಳು.

ಜಯನಗರ, ಜೆ.ಪಿ. ನಗರದ ನಿವಾಸಿಗಳು ಇದನ್ನು ನೋಡಲು ಮಲೆನಾಡಿಗೇ ಹೋಗಬೇಕೆಂದೇನಿಲ್ಲ. 1974ರಲ್ಲಿ ರಾಷ್ಟ್ರೀಯ ಉದ್ಯಾನವಾದ ಬನ್ನೇರುಘಟ್ಟದ್ದು ಎಲೆ ಉದುರುವ ಒಣ ಕಾಡು. ಅಲ್ಲಿಯೂ ಬಿದಿರು ಮೆಳೆಗಳಿವೆ. ಬೆನ್ನು ನೀಲಿ, ಎದೆ ಕಿತ್ತಳೆ ಬಣ್ಣದ ನೀಲಿ ನೊಣಹಿಡುಕ ಇಂಥ ಮೆಳೆಗಳ ನೆರಳಲ್ಲಿ ಕುಳಿತು ಹಾರುವ ಕೀಟಗಳನ್ನು ಹಿಡಿಯುತ್ತದೆ. ಚುಕ್ಕೆ ಹರಟೆಮಲ್ಲ ನೆಲದ ತರಗೆಲೆ ಕೆದಕಿ ಹುಳು ಹೆಕ್ಕುತ್ತದೆ. ಒಣ ಎಲೆಗಳಿಂದಲೇ ನೆಲದ ಮೇಲೆ ಚೆಂಡಿನಾಕಾರದ ಗೂಡು ಕಟ್ಟುತ್ತದೆ.

ಪಶ್ಚಿಮ ಘಟ್ಟದ ಮಳೆಕಾಡಿಗೆ ಹೋದರೆ ಈ ನಂಟು ಇನ್ನೂ ಗಾಢ. ಇಂಪಾದ ಹಾಡಿಗೆ ಹೆಸರಾದ ಶಾಮ ಹಕ್ಕಿಗೆ ಬಿದಿರಿರುವ ಕಾಡೆಂದರೆ ಅಚ್ಚುಮೆಚ್ಚು. ಸುಮಾರು 10 ಸೆಂ.ಮೀ. ಉದ್ದದ ಚುಕ್ಕೆಗಳ ಕಿರು ಮರಕುಟಿಗ ಬಿದಿರ ಕಡ್ಡಿಗಳನ್ನು ಕುಟ್ಟಿ ಒಳಗಿನ ಹುಳುಗಳನ್ನು ಹೊರಗೆಳೆಯುತ್ತದೆ. ದೂರದ ಅಮೆಜಾನ್ ಕಾಡಿನ ನೈಋತ್ಯ ಭಾಗದಲ್ಲಂತೂ ಬಿದಿರನ್ನೇ ಬಹುಮಟ್ಟಿಗೆ ನೆಚ್ಚಿಕೊಂಡ ಸುಮಾರು 20 ಜಾತಿಯ ಹಕ್ಕಿಗಳಿವೆ.

ಬಿದಿರಿನಲ್ಲಿ ಅಂಥ ವಿಶೇಷವೇನು? ಟೊಳ್ಳು ಗಳುವಿನೊಳಗೆ ಕೀಟಗಳಿಗೆ ಮನೆ, ಬುಡದಲ್ಲಿ ತರಗೆಲೆಯ ದಪ್ಪ ಹಾಸು, ಸುತ್ತ ಮುಳ್ಳಿನ ಬೇಲಿ. ಊಟ, ವಸತಿ, ರಕ್ಷಣೆ ಮೂರೂ ಒಂದೇ ಕಡೆ ಸಿಗುತ್ತವೆ. ಈ ಮುಳ್ಳಿನ ಬೆಲೆ ಒಂದು ಕಾಲಕ್ಕೆ ಅಧಿಕಾರಿಗಳಿಗೇ ತಿಳಿದಿರಲಿಲ್ಲ. ದಾಂಡೇಲಿಯ ಕಾಗದದ ಕಾರ್ಖಾನೆಗೆ ಉತ್ತರ ಕನ್ನಡದ ಬಿದಿರು ಹೋಗುತ್ತಿದ್ದ ದಿನಗಳಲ್ಲಿ ಮೆಳೆಯ ಬುಡದ ಮುಳ್ಳು ಸವರಿದರೆ ಬಿದಿರು ಚೆನ್ನಾಗಿ ಬೆಳೆಯುತ್ತದೆಂಬ ನಂಬಿಕೆಯಿತ್ತು. 1970ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ ಇದಕ್ಕೆ ವಿರುದ್ಧವಾದುದನ್ನು ತೋರಿಸಿತು. ಮುಳ್ಳು ಹೋದ ಮೆಳೆಯ ಕಳಲೆಯನ್ನು ದನಕರು, ಕಾಡುಪ್ರಾಣಿಗಳು ಮೇದು ಮುಗಿಸುತ್ತಿದ್ದವು. ಹೊಸ ಗಳು ಏಳುತ್ತಲೇ ಇರಲಿಲ್ಲ. ಹಳ್ಳಿಗರು ಇದನ್ನು ಮೊದಲೇ ಬಲ್ಲವರಾಗಿದ್ದರು.

ಬಿದಿರಿನ ಇನ್ನೊಂದು ವೈಚಿತ್ರ್ಯ ಅದರ ಸಾವು. ಹೆಬ್ಬಿದಿರು ಸಾಮಾನ್ಯವಾಗಿ 40–50 ವರ್ಷಗಳಿಗೊಮ್ಮೆ ಕಾಡಿಗೆ ಕಾಡೇ ಹೂ ಬಿಟ್ಟು, ಬೀಜ ಉದುರಿಸಿ ಒಣಗಿಹೋಗುತ್ತದೆ. ಆಗ ಕಾಡುಕೋಳಿ, ಹಸಿರು ರೆಕ್ಕೆಯ ಪಾರಿವಾಳಗಳಿಗೆ ಬಿದಿರಕ್ಕಿಯ ಸುಗ್ಗಿ. ತಿನ್ನುವವರು ಎಷ್ಟು ತಿಂದರೂ ಒಂದಿಷ್ಟು ಬೀಜ ಮೊಳಕೆಗೆ ಉಳಿಯಲೆಂದೇ ಬಿದಿರು ಹೀಗೆ ಒಟ್ಟಿಗೆ ಬೀಜ ಸುರಿಸುತ್ತದೆ ಎಂದು ಅಮೆರಿಕದ ಜೀವವಿಜ್ಞಾನಿ ಡೇನಿಯಲ್ ಜಾನ್‌ಜೆನ್ 1976ರಲ್ಲಿ ವಾದಿಸಿದರು. ಸಾಕುಕೋಳಿಯ ಪೂರ್ವಜವಾದ ಕೆಂಪು ಕಾಡುಕೋಳಿಗೆ ಕಾಳು ಸಿಕ್ಕಷ್ಟು ಕಾಲ ಮೊಟ್ಟೆಯಿಡುವ ಗುಣ ಬಂದದ್ದೂ ಇಂಥ ಸುಗ್ಗಿಗಳಿಂದಲೇ ಇರಬಹುದೆಂಬುದು ಅವರ ಊಹೆ.

ಆದರೆ ಸುಗ್ಗಿ ಮುಗಿದ ಮೇಲೆ? ಹಸಿರು ಮೆಳೆಯಿದ್ದ ಜಾಗದಲ್ಲಿ ಒಣ ಗಳುಗಳ ರಾಶಿ ಉಳಿಯುತ್ತದೆ. 2010ರ ಆಸುಪಾಸಿನ ವರ್ಷಗಳಲ್ಲಿ ನಾಗರಹೊಳೆ, ವಯನಾಡಿನ ಕಾಡುಗಳಲ್ಲಿ ಬಿದಿರು ಹೀಗೆ ಒಣಗಿತ್ತು. ಉದುರಿದ ಬೀಜ ಮೊಳೆತು ಮತ್ತೆ ದಟ್ಟ ಮೆಳೆಯಾಗಲು ಹತ್ತು ವರ್ಷವಾದರೂ ಬೇಕು. ಅಲ್ಲಿಯವರೆಗೆ ಮೆಳೆಯ ಹಕ್ಕಿಗಳು ಹೂ ಬಿಡದೆ ಉಳಿದ ಪಕ್ಕದ ಬಿದಿರಿಗೋ ಪೊದೆಗಾಡಿಗೋ ಹೋಗಿ ಬದುಕಬೇಕು. ಕಾಡು ಅಖಂಡವಾಗಿದ್ದರೆ ಇದು ಸಾಧ್ಯ.

ದಕ್ಷಿಣ ಬೆಂಗಳೂರಿನ ಮಟ್ಟಿಗೆ ಚಿಂತಿಸಬೇಕಾದ ವಿಷಯ ಇದೇ. ಬನ್ನೇರುಘಟ್ಟದ ಉತ್ತರ ಅಂಚಿಗೆ ಬಡಾವಣೆಗಳು ಬಂದು ನಿಂತಿವೆ. ದಕ್ಷಿಣಕ್ಕೆ ಕಾವೇರಿ ಕಣಿವೆಯ ಕಾಡಿನೊಂದಿಗೆ ಅದನ್ನು ಬೆಸೆಯುವ ದಾರಿ ಕಿರಿದಾಗಿದೆ. ಈ ದಾರಿಯನ್ನು ಸಾಮಾನ್ಯವಾಗಿ ಆನೆಗಳದ್ದೆಂದು ಹೇಳುತ್ತಾರೆ. ಆದರೆ ನೆಲಮಟ್ಟದ ಪೊದೆಗಳಲ್ಲೇ ಬದುಕುವ ಪುಟ್ಟ ಹಕ್ಕಿಗಳು ಬಯಲು, ಹೆದ್ದಾರಿ ದಾಟಲು ಹಿಂಜರಿಯುತ್ತವೆ. ಅವಕ್ಕೂ ಅದು ಬೇಕು.

ನಗರದ ಒಳಗೂ ಮಾಡಬಹುದಾದದ್ದು ಒಂದಿದೆ. ಉದ್ಯಾನಗಳಲ್ಲಿ ಬಿದಿರಿನ ಬುಡವನ್ನು ದಿನವೂ ಗುಡಿಸಿ ತರಗೆಲೆಗೆ ಬೆಂಕಿಯಿಡುವ ರೂಢಿಯನ್ನು ಬಿಟ್ಟರೆ, ಆ ಎಲೆಯಡಿಯ ಹುಳುಗಳು ಹಕ್ಕಿಗಳಿಗೆ ಉಳಿಯುತ್ತವೆ.