ಪರವಾನಗಿ ಬರುವ ಹೊತ್ತಿಗೆ ಅರವತ್ತು

ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಎಲ್ಕ್ ಬೇಟೆಗೆ ಹೆಸರಾದ ವಲಯಗಳ ಪರವಾನಗಿ ಸಿಗುವುದು ಲಾಟರಿಯಲ್ಲಿ. ಏಪ್ರಿಲ್ ಮೊದಲ ವಾರದ ಹೊತ್ತಿಗೆ ಅರ್ಜಿ ಹಾಕಬೇಕು. ಹೆಸರು ಬರದಿದ್ದರೆ ಅರ್ಜಿದಾರನ ಖಾತೆಗೆ ಒಂದು ಅಂಕ ಸೇರುತ್ತದೆ. ಮರುವರ್ಷ ಮತ್ತೆ ಅರ್ಜಿ, ಮತ್ತೊಂದು ಅಂಕ. ಅಂಕ ಹೆಚ್ಚು ಕೂಡಿಸಿಟ್ಟವರಿಗೆ ಆದ್ಯತೆ. ರಾಜ್ಯದ ವಾಯವ್ಯ ಮೂಲೆಯ ಕೆಲವು ವಲಯಗಳಿಗಂತೂ 20 ಅಂಕವೂ ಸಾಲದು. ನಲವತ್ತರಲ್ಲಿ ಸಾಲಿಗೆ ನಿಂತವನ ಪಾಳಿ ಬರುವಾಗ ಅರವತ್ತು ದಾಟಿರುತ್ತದೆ. ಕಾಗದ ಕೈಸೇರುವ ಕಾಲಕ್ಕೆ ಮಂಡಿ ಕೈಕೊಟ್ಟಿರುತ್ತದೆ.

ಎಲ್ಕ್ ನಮ್ಮ ಕಡವೆಯ ಬಳಗಕ್ಕೇ ಸೇರಿದ ದೊಡ್ಡ ಜಿಂಕೆ. ಬೆಳೆದ ಗಂಡು 300 ಕೆ.ಜಿ. ಮೀರಿ ತೂಗುತ್ತದೆ. ಕೊಲರಾಡೊ ಒಂದರಲ್ಲೇ ಎರಡೂವರೆ ಲಕ್ಷಕ್ಕೂ ಹೆಚ್ಚು ಎಲ್ಕ್‌ಗಳಿವೆ. ಅಮೆರಿಕದ ಬೇರೆ ಯಾವ ರಾಜ್ಯದಲ್ಲೂ ಅಷ್ಟಿಲ್ಲ. ಸೆಪ್ಟೆಂಬರ್‌ನಲ್ಲಿ ಬಿಲ್ಲುಬಾಣದ ಬೇಟೆ, ಅಕ್ಟೋಬರ್ ನಡುವಿನಿಂದ ಕೋವಿ ಬೇಟೆ. ನಡೆಯಬೇಕಾದದ್ದು 2,400ರಿಂದ 3,600 ಮೀಟರ್ ಎತ್ತರದ ರಾಕಿ ಪರ್ವತದ ಇಳಿಜಾರುಗಳಲ್ಲಿ. ಹೆಚ್ಚಿನ ಕಡೆ ದಾರಿ ಎಂಬುದೇ ಇರುವುದಿಲ್ಲ. ಬಿದ್ದ ಮರ ದಾಟಬೇಕು, ಜಾರುವ ಕಲ್ಲಿನ ಮೇಲೆ ಕಾಲೂರಬೇಕು.

ನಿಜವಾದ ಕೆಲಸ ಶುರುವಾಗುವುದು ಗುಂಡು ಹಾರಿದ ಮೇಲೆ. ತಿನ್ನಲು ಬರುವ ಮಾಂಸವನ್ನು ಕಾಡಿನಲ್ಲೇ ಬಿಟ್ಟು ಬಂದರೆ ಅದು ಅಪರಾಧ. ಪ್ರಾಣಿಯನ್ನು ಬಿದ್ದಲ್ಲೇ ಸುಲಿದು, ಭಾಗ ಮಾಡಿ, ಬೆನ್ನಿಗೆ ಕಟ್ಟಿಕೊಂಡು ಗಾಡಿ ನಿಂತ ಜಾಗಕ್ಕೆ ತರಬೇಕು. ದೊಡ್ಡ ಗಂಡಿನ ಹಿಂದೊಡೆ ಒಂದೇ 25-30 ಕೆ.ಜಿ. ಇರುತ್ತದೆ. ಒಬ್ಬನೇ ಆದರೆ ನಾಲ್ಕೈದು ಬಾರಿ ಓಡಾಡಬೇಕು. ನಾಲ್ಕು ಕಿಲೋಮೀಟರ್ ದೂರದಲ್ಲಿ ಹೊಡೆದರೆ ಹೋಗಿ ಬಂದು ಮೂವತ್ತರಿಂದ ನಲವತ್ತು ಕಿಲೋಮೀಟರ್, ಅದರಲ್ಲಿ ಅರ್ಧ ದಾರಿ ಹೊರೆ ಹೊತ್ತು. ಅಲ್ಲಿನ ಹಳೆಯ ಬೇಟೆಗಾರರು ಕೋವಿಗಿಂತ ಹೆಚ್ಚಾಗಿ ತಮ್ಮ ಕಾಲುಗಳ ಬಗ್ಗೆ ಮಾತಾಡುವುದು ಸುಮ್ಮನೆ ಅಲ್ಲ.

ಲಾಟರಿಯ ಫಲಿತಾಂಶ ಬರುವುದು ಮೇ ಕೊನೆಯಲ್ಲೋ ಜೂನ್‌ನಲ್ಲೋ. ಆಗ ಹಲವರು ಜಿಮ್‌ಗೆ ಓಡುತ್ತಾರೆ. ಮೂವತ್ತರ ಹರೆಯದಲ್ಲಿ ಈ ಮೂರು ತಿಂಗಳ ಅವಸರದ ತಯಾರಿ ಹೇಗೋ ನಡೆದುಹೋಗುತ್ತದೆ. ಅರವತ್ತರಲ್ಲಿ ನಡೆಯುವುದಿಲ್ಲ. ಕಾರಣ ಸೋಮಾರಿತನವಲ್ಲ, ದೇಹದ ಲೆಕ್ಕಾಚಾರ.

ಒಂದು ನಿಮಿಷದಲ್ಲಿ ದೇಹ ಗರಿಷ್ಠ ಎಷ್ಟು ಆಮ್ಲಜನಕವನ್ನು ಬಳಸಬಲ್ಲದು ಎಂಬುದು ದಮ್ಮಿನ ಅಳತೆ. ಮೂವತ್ತು ದಾಟಿದ ಮೇಲೆ ಇದು ದಶಕಕ್ಕೆ ಸುಮಾರು 10 ಶೇಕಡಾ ಇಳಿಯುತ್ತ ಹೋಗುತ್ತದೆ. ಕಷ್ಟಪಟ್ಟು ವ್ಯಾಯಾಮ ಮುಂದುವರಿಸಿದವರಲ್ಲಿ ಇಳಿತ ಅದರ ಅರ್ಧದಷ್ಟಕ್ಕೆ ನಿಲ್ಲಬಹುದು. ಸ್ನಾಯುವಿನದೂ ಇದೇ ಕಥೆ. ದಶಕಕ್ಕೆ 3ರಿಂದ 8 ಶೇಕಡಾ ಕರಗುತ್ತದೆ, ಅರವತ್ತರ ನಂತರ ಇನ್ನೂ ಬೇಗ. ಸ್ನಾಯುವಿನ ಗಾತ್ರಕ್ಕಿಂತ ಅದರ ಬಲ ಬೇಗ ಹೋಗುತ್ತದೆ. ಬಲಕ್ಕಿಂತಲೂ ಬೇಗ ಹೋಗುವುದು ಚುರುಕು. ಕಲ್ಲು ಜಾರಿದಾಗ ತಕ್ಷಣ ಕಾಲು ಎತ್ತಿಟ್ಟು ಬೀಳದೆ ನಿಲ್ಲಲು ಬೇಕಾದದ್ದು ಆ ಚುರುಕೇ.

ಆದರೆ ವಯಸ್ಸಿನ ಮೇಲೇ ಎಲ್ಲ ತಪ್ಪು ಹೊರಿಸುವಂತಿಲ್ಲ. 1966ರಲ್ಲಿ ಡಲ್ಲಾಸ್‌ನ ವೈದ್ಯ ವಿಜ್ಞಾನಿಗಳು 20 ವರ್ಷದ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿ ಅವರ ದಮ್ಮು ಎಷ್ಟು ಕುಸಿಯುತ್ತದೆ ಎಂದು ಅಳೆದರು. ಮೂವತ್ತು ವರ್ಷಗಳ ನಂತರ ಅದೇ ಐವರನ್ನು ಮತ್ತೆ ಕರೆಸಿದರು. ಅವರಿಗೆ ಆಗ ಐವತ್ತು. ಸರಾಸರಿ ತೂಕ 77 ಕೆ.ಜಿ.ಯಿಂದ 100ಕ್ಕೆ ಏರಿತ್ತು. ಅಳೆದು ನೋಡಿದರೆ, ಇಪ್ಪತ್ತರಲ್ಲಿ ಮೂರು ವಾರ ಮಲಗಿದ್ದರಿಂದ ಆಗಿದ್ದ ನಷ್ಟ ಮೂವತ್ತು ವರ್ಷದ ವಯಸ್ಸಿನಿಂದಾದ ನಷ್ಟಕ್ಕಿಂತ ದೊಡ್ಡದಿತ್ತು! ಆಮೇಲೆ ಆರು ತಿಂಗಳು ನಡಿಗೆ, ನಿಧಾನದ ಓಟ, ಸೈಕಲ್ ತುಳಿತ ಮಾಡಿಸಿದಾಗ ಅವರ ದಮ್ಮು ಯೌವನದ ಮೂಲ ಮಟ್ಟಕ್ಕೇ ಮರಳಿತು. ಐದೇ ಜನರ ಅಧ್ಯಯನ ನಿಜ. ಆದರೂ ಅದನ್ನು ಓದಿದ ಮೇಲೆ 'ವಯಸ್ಸಾಯಿತಲ್ಲ' ಎಂಬ ನೆಪ ಹೇಳುವುದು ಕಷ್ಟ.

ಇನ್ನೊಂದು ಉದಾಹರಣೆ ಬೋಸ್ಟನ್ನಿನ ವೃದ್ಧರ ಆರೈಕೆ ಕೇಂದ್ರದ್ದು. 1990ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಮಂದಿ ವಾರಕ್ಕೆ ಮೂರು ದಿನ ಕಾಲಿನಿಂದ ಭಾರ ಎತ್ತಿದರು. ಎಂಟು ವಾರದಲ್ಲಿ ಕಾಲಿನ ಬಲ ಸರಾಸರಿ 174 ಶೇಕಡಾ ಹೆಚ್ಚಿತು. ಇಬ್ಬರು ಊರುಗೋಲು ಬಿಟ್ಟು ನಡೆದರು. ಆದರೆ ಬೇಟೆಗಾರನಿಗೆ ಬೇಕಾದ ಪಾಠವೂ ಅದೇ ವರದಿಯಲ್ಲಿದೆ: ವ್ಯಾಯಾಮ ನಿಲ್ಲಿಸಿದ ನಾಲ್ಕೇ ವಾರದಲ್ಲಿ ಗಳಿಸಿದ್ದರಲ್ಲಿ ದೊಡ್ಡ ಪಾಲು ಸೋರಿಹೋಗಿತ್ತು. ಕಳೆದುಕೊಂಡು ಮತ್ತೆ ಗಳಿಸುವುದಕ್ಕಿಂತ ಇರುವುದನ್ನು ಕಾಪಾಡಿಕೊಳ್ಳುವುದು ಅಗ್ಗ. ವರ್ಷವಿಡೀ ತಯಾರಿ ಎನ್ನುವುದರ ಹಿಂದಿರುವ ಲೆಕ್ಕ ಇಷ್ಟೇ.

ಹಾಗೆಂದು ಹನ್ನೆರಡು ತಿಂಗಳೂ ಬೆವರು ಹರಿಸಬೇಕೆಂದಿಲ್ಲ. ಅನುಭವಿಗಳು ವರ್ಷವನ್ನು ಋತುವಿಗೆ ತಕ್ಕಂತೆ ಹಂಚಿಕೊಳ್ಳುತ್ತಾರೆ. ಹಿಮ ಬೀಳುವ ಜನವರಿ-ಫೆಬ್ರವರಿಯಲ್ಲಿ ವಾರಕ್ಕೆರಡು ದಿನ ಭಾರ ಎತ್ತುವುದು, ಬಸ್ಕಿ ಹೊಡೆಯುವುದು. ಉಳಿದ ದಿನ ಪಕ್ಕದವರೊಡನೆ ಮಾತಾಡುತ್ತ ಹೋಗಬಹುದಾದ ವೇಗದಲ್ಲಿ ನಡಿಗೆ. ಮೇ ತಿಂಗಳು ಬಂತೆಂದರೆ ಬೆಟ್ಟ ಸುತ್ತಲು ಒಂದು ಸೊಗಸಾದ ನೆಪ ಸಿಗುತ್ತದೆ: ಎಲ್ಕ್‌ಗಳು ಉದುರಿಸಿದ ಕೊಂಬು ಹುಡುಕುವುದು. ಚಳಿಗೆ ಬಡವಾದ ಪ್ರಾಣಿಗಳನ್ನು ಜನ ಓಡಾಡಿ ಬೆದರಿಸಬಾರದೆಂದು ಪಶ್ಚಿಮ ಕೊಲರಾಡೊದ ಸರ್ಕಾರಿ ಜಮೀನಿನಲ್ಲಿ ಜನವರಿ 1ರಿಂದ ಏಪ್ರಿಲ್ 30ರವರೆಗೆ ಕೊಂಬು ಆರಿಸುವುದಕ್ಕೆ ನಿಷೇಧವಿದೆ. ಅದು ಮುಗಿದ ಬೆಳಗ್ಗೆಯೇ ಜನ ಬೆಟ್ಟ ಹತ್ತುತ್ತಾರೆ. ಕೊಂಬು ಸಿಗಲಿ ಬಿಡಲಿ, ಹತ್ತಾರು ಕಿಲೋಮೀಟರ್ ನಡಿಗೆಯಂತೂ ಗ್ಯಾರಂಟಿ.

ಬೇಸಗೆಯಲ್ಲಿ ಹೊರೆಯ ಅಭ್ಯಾಸ. ಇಲ್ಲೊಂದು ಜಾಣತನವಿದೆ. ಬೆನ್ನುಚೀಲಕ್ಕೆ ಕಲ್ಲು ತುಂಬದೆ ನೀರಿನ ಕ್ಯಾನ್ ತುಂಬುತ್ತಾರೆ. ಹೊತ್ತು ಬೆಟ್ಟದ ನೆತ್ತಿಗೆ ಹೋಗಿ, ನೀರು ಚೆಲ್ಲಿ, ಖಾಲಿ ಚೀಲದೊಂದಿಗೆ ಇಳಿಯುತ್ತಾರೆ. ಹೃದಯಕ್ಕೂ ತೊಡೆಗೂ ಪೂರ್ತಿ ಕೆಲಸ, ಮಂಡಿಗೆ ವಿನಾಯಿತಿ. ಟೆಕ್ಸಸ್‌ನ ಬಯಲುಸೀಮೆಯವರಿಗೆ ಬೆಟ್ಟವೇ ಇಲ್ಲ. ಅವರು ಕ್ರೀಡಾಂಗಣದ ಮೆಟ್ಟಿಲನ್ನೋ ಬಹುಮಹಡಿ ಪಾರ್ಕಿಂಗ್ ಕಟ್ಟಡದ ಇಳಿಜಾರನ್ನೋ ಹತ್ತಿ ಇಳಿಯುತ್ತಾರೆ. ತಯಾರಿ ಎಷ್ಟಾಯಿತೆಂದು ನೋಡಿಕೊಳ್ಳಲು ಅಲ್ಲಿ ಒಂದು ಸಿದ್ಧ ಅಳತೆಗೋಲೂ ಇದೆ. ಕಾಳ್ಗಿಚ್ಚು ನಂದಿಸುವ ಸಿಬ್ಬಂದಿಗೆ ಅಮೆರಿಕದ ಅರಣ್ಯ ಸೇವೆ ಇಡುವ ಪರೀಕ್ಷೆ ಅದು: ಬೆನ್ನ ಮೇಲೆ 20 ಕೆ.ಜಿ. ಹೊರೆ, ಸಮತಟ್ಟು ನೆಲದಲ್ಲಿ 4.8 ಕಿ.ಮೀ., 45 ನಿಮಿಷ. ಓಡುವಂತಿಲ್ಲ, ನಡೆದೇ ಮುಗಿಸಬೇಕು.

ಹತ್ತುವುದಕ್ಕೆ ತಯಾರಾದವರು ಇಳಿಯುವುದನ್ನು ಮರೆಯುತ್ತಾರೆ. ಏಟು ಬೀಳುವುದು ಅಲ್ಲೇ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಬ್ರೇಕ್ ಹಾಕಬೇಕು. ಇದಕ್ಕೆ ಉಸಿರು ಕಡಿಮೆ ಸಾಕು. 1952ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ಎರಡು ಸೈಕಲ್‌ಗಳನ್ನು ಒಂದೇ ಸರಪಳಿಯಿಂದ ಜೋಡಿಸಿ, ಒಬ್ಬರು ತುಳಿಯುವಾಗ ಇನ್ನೊಬ್ಬರು ಪೆಡಲನ್ನು ತಡೆಯುವಂತೆ ಮಾಡಿ ನೋಡಿದರು. ಇಬ್ಬರ ಮೇಲೂ ಬೀಳುವ ಬಲ ಒಂದೇ ಆದರೂ ತಡೆಯುವವರಿಗೆ ಬೇಕಾದ ಆಮ್ಲಜನಕ ತೀರಾ ಕಡಿಮೆ. ಹಾಗಾಗಿ ಇಳಿಜಾರಿನಲ್ಲಿ ಏದುಸಿರು ಬರುವುದಿಲ್ಲ, ಎಲ್ಲ ಸಲೀಸು ಎನಿಸುತ್ತದೆ. ನೋವು ಗೊತ್ತಾಗುವುದು ಮರುದಿನ, ಅದಕ್ಕಿಂತಲೂ ಹೆಚ್ಚು ಮೂರನೆಯ ದಿನ. ಒಂದು ವಾರದ ಬೇಟೆಗೆ ಬಂದವನು ಎರಡನೆಯ ಬೆಳಗ್ಗೆಯೇ ಡೇರೆಯಿಂದ ಏಳಲಾರದೆ ಕೂರುವುದು ಹೀಗೆ.

ಮದ್ದು ಸರಳ. ಎಂಟು ಇಂಚು ಎತ್ತರದ ಮೆಟ್ಟಿಲ ಅಂಚಿನಲ್ಲಿ ಒಂದೇ ಕಾಲ ಮೇಲೆ ನಿಲ್ಲಬೇಕು. ಮೂರು ಎಣಿಸುವಷ್ಟು ಹೊತ್ತು ಆ ಮಂಡಿಯನ್ನು ನಿಧಾನವಾಗಿ ಮಡಿಸುತ್ತ, ಇನ್ನೊಂದು ಕಾಲಿನ ಹಿಮ್ಮಡಿಯನ್ನು ನೆಲಕ್ಕೆ ತಾಗಿಸಬೇಕು, ಭಾರ ಬಿಡಬಾರದು. ಮತ್ತೆ ಮೇಲೆ. ಮಂಡಿ ಒಳಕ್ಕೆ ವಾಲದಂತೆ ಕಣ್ಣಿಟ್ಟಿರಬೇಕು. ಮೊದಲ ದಿನ ಎಂಟು ಹತ್ತು ಸಲ ಸಾಕು. ಇಂಥ ಶ್ರಮಕ್ಕೆ ಸ್ನಾಯು ಒಮ್ಮೆ ಒಗ್ಗಿಕೊಂಡರೆ ಮುಂದಿನ ಬಾರಿ ನೋವು ಬಹಳ ತಗ್ಗುತ್ತದೆ. ಊರಿಕೊಂಡು ನಡೆಯುವ ಕೋಲುಗಳೂ ನೆರವಾಗುತ್ತವೆ. ಕಡಿದಾದ ಇಳಿಜಾರಿನಲ್ಲಿ ಅವು ಮಂಡಿಯ ಮೇಲಿನ ಹೊರೆಯಲ್ಲಿ ಕಾಲು ಭಾಗದಷ್ಟನ್ನು ಕಡಿಮೆ ಮಾಡಬಲ್ಲವೆಂದು ಪ್ರಯೋಗಾಲಯದಲ್ಲಿ ಅಳೆದಿದ್ದಾರೆ. ಕೋಲು ಹಿಡಿದರೆ ಮುದುಕನಂತೆ ಕಾಣುತ್ತೇನೆ ಎನ್ನುವವರಿಗೆ ಮಾತ್ರ ಯಾವ ಪ್ರಯೋಗಾಲಯದಲ್ಲೂ ಮದ್ದಿಲ್ಲ.

ಒರೆಗಾನ್ ರಾಜ್ಯದ ಬಿಲ್ಲು ಬೇಟೆಗಾರ ಕ್ಯಾಮರನ್ ಹೇನ್ಸ್ 1967ರಲ್ಲಿ ಹುಟ್ಟಿದವರು. ಐವತ್ತು ದಾಟಿದ ಮೇಲೂ ನೂರಾರು ಕಿಲೋಮೀಟರ್‌ಗಳ ಓಟ ಓಡಿದ್ದಾರೆ. ಬೇಟೆಗಾಗಿಯೇ ಇಷ್ಟೆಲ್ಲ ಎನ್ನುತ್ತಾರೆ. ಅವರನ್ನು ನೋಡಿ ಹುಮ್ಮಸ್ಸು ಬಂದರೆ ಒಳ್ಳೆಯದೇ. ಆದರೆ ದಶಕಗಳಿಂದ ದಿನವೂ ಓಡಿ ಪಳಗಿದ ದೇಹದ ಮಾದರಿಯನ್ನು, ಅರವತ್ತರಲ್ಲಿ ಕುರ್ಚಿಯಿಂದ ಎದ್ದು ಬಂದವನು ನಕಲು ಮಾಡಲು ಹೊರಟರೆ ಮೊದಲು ಹರಿಯುವುದು ಸ್ನಾಯುರಜ್ಜು. ಸಾಮಾನ್ಯರಿಗೆ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಲೆಕ್ಕವೇ ಸರಿಯಾದ ಬುನಾದಿ: ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮ, 65 ದಾಟಿದವರಿಗೆ ಮೂರು ದಿನ ಸಮತೋಲನದ ಅಭ್ಯಾಸ. ಜೊತೆಗೆ ಊಟದಲ್ಲಿ ಪ್ರೋಟೀನ್. ಮೂತ್ರಪಿಂಡದ ತೊಂದರೆ ಇಲ್ಲದ ಹಿರಿಯರಿಗೆ ದೇಹತೂಕದ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಬೇಕೆಂಬುದು ತಜ್ಞರ ಮಾತು.

ಮಂಡಿಗಿಂತ ಗಂಭೀರವಾದದ್ದು ಹೃದಯ. ಮಿಷಿಗನ್ ರಾಜ್ಯದ ವೈದ್ಯರು 25 ಮಂದಿ ನಡುವಯಸ್ಸಿನ ಜಿಂಕೆ ಬೇಟೆಗಾರರ ಎದೆಗೆ ಇಸಿಜಿ ಯಂತ್ರ ಕಟ್ಟಿ ಕಾಡಿಗೆ ಕಳಿಸಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಅವರಲ್ಲಿ ಹೆಚ್ಚಿನವರಿಗೆ ಆಗಲೇ ಹೃದ್ರೋಗವಿತ್ತು. ಆಸ್ಪತ್ರೆಯ ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ಮುಟ್ಟಿದ್ದ ಗರಿಷ್ಠ ಬಡಿತವನ್ನು 10 ಮಂದಿ ಕಾಡಿನಲ್ಲಿ ಮೀರಿದರು. ಸತ್ತ ಜಿಂಕೆಯನ್ನು ಎಳೆದು ತರುವಾಗಿನ ಒತ್ತಡ ವಿಶೇಷವಾಗಿ ಅಪಾಯಕಾರಿ ಎನಿಸಿತು. ಅದು ಎತ್ತರವಿಲ್ಲದ ನಾಡಿನ ಕಥೆ. 3,000 ಮೀಟರ್‌ನಲ್ಲಿ ಪ್ರತಿ ಉಸಿರಿಗೆ ದಕ್ಕುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದಕ್ಕಿಂತ ಸುಮಾರು 30 ಶೇಕಡಾ ಕಡಿಮೆ. ಎಷ್ಟೇ ಗಟ್ಟಿಮುಟ್ಟಾದ ದೇಹವಿದ್ದರೂ ಎತ್ತರದ ತಲೆನೋವು, ವಾಕರಿಕೆಗಳಿಂದ ಅದು ಕಾಪಾಡುವುದಿಲ್ಲ. ಎರಡು ಮೂರು ದಿನ ಮುಂಚೆ ಹೋಗಿ ಒಗ್ಗಿಕೊಳ್ಳುವುದು ಒಳ್ಳೆಯ ಉಪಾಯ.

ಬುದ್ಧಿವಂತ ಹಿರಿಯರು ದೇಹದ ಜೊತೆಗೆ ಯೋಜನೆಯನ್ನೂ ಬದಲಿಸಿಕೊಳ್ಳುತ್ತಾರೆ. ಮಾಂಸ ಹೊರಲು ಲಾಮಾ ಅಥವಾ ಕುದುರೆ ಬಾಡಿಗೆಗೆ ತರುತ್ತಾರೆ. ಒಬ್ಬರೇ ಹೋಗುವುದಿಲ್ಲ. ಮೊಬೈಲ್ ಸಿಗ್ನಲ್ ಇಲ್ಲದ ಕಡೆಗೆ ಉಪಗ್ರಹ ಸಂದೇಶ ಸಾಧನ ಇಟ್ಟುಕೊಳ್ಳುತ್ತಾರೆ. ಸಂಜೆ ನಾಲ್ಕರ ನಂತರ, ಕಣಿವೆಯ ಆಚೆಬದಿ ಕಂಡ ಎಲ್ಕ್‌ಗೆ ಗುರಿಯಿಡದೆ ಬಿಟ್ಟುಬಿಡುವುದೂ ಅವರ ನಿಯಮಗಳಲ್ಲೊಂದು.

ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆಯ ನಂತರ ಬೇಟೆಗೆ ತೆರೆ ಬಿದ್ದಿದೆ. ಒಂದು ಕಾಲಕ್ಕೆ ಬೇಟೆಯ ಋತುವನ್ನು ತೆರೆಯುತ್ತಿದ್ದ ಕೊಡಗಿನ ಕೈಲ್ ಮುಹೂರ್ತ ಹಬ್ಬದಲ್ಲಿ ಈಗ ಕೋವಿಗಳು ಗುರಿಯಿಡುವುದು ತೆಂಗಿನಕಾಯಿಗೆ. ಆದರೆ ಬೆಟ್ಟಗಳು ಇಲ್ಲಿಯೂ ಇವೆ, ಹತ್ತುವ ಹಿರಿಯರೂ ಇದ್ದಾರೆ. ಕೈಲಾಸ ಮಾನಸ ಸರೋವರ ಯಾತ್ರೆಗೆ ಸರ್ಕಾರದ ವಯೋಮಿತಿ 70. ದಾಟಬೇಕಾದ ದೋಲ್ಮಾ ಲಾ ಕಣಿವೆಹಾದಿ 5,600 ಮೀಟರ್‌ಗಿಂತ ಎತ್ತರದಲ್ಲಿದೆ. ಅಂಥ ಯಾತ್ರೆಗೋ ಕುಮಾರ ಪರ್ವತಕ್ಕೋ ಹೋಗುವ ಮನಸ್ಸಿರುವ ಐವತ್ತು ದಾಟಿದವರು ಈ ವಾರವೇ ವೈದ್ಯರನ್ನು ಕಂಡು, ಟ್ರೆಡ್‌ಮಿಲ್ ಪರೀಕ್ಷೆ ಬೇಕೇ ಎಂದು ಕೇಳಿ. ಅವರು ಒಪ್ಪಿದರೆ ಮನೆಯ ಮೆಟ್ಟಿಲಿನಿಂದಲೇ ಶುರು ಮಾಡಿ, ಹತ್ತುವುದರ ಜೊತೆಗೆ ಇಳಿಯುವುದನ್ನೂ.